ಹಿಮ್ಮಡಿ ಊರದ ಹೆಜ್ಜೆ

1800ರಲ್ಲಿ, ಫ್ರಾನ್ಸಿನ ದಕ್ಷಿಣದ ಅವೇರೋನ್ ಸೀಮೆಯ ಕಾಡಂಚಿನಲ್ಲಿ ಸಿಕ್ಕ ಹುಡುಗನೊಬ್ಬನನ್ನು ಪ್ಯಾರಿಸಿಗೆ ಕರೆತಂದರು. ವಯಸ್ಸು ಹನ್ನೆರಡರ ಆಸುಪಾಸು. ಮಾತು ಬಾರದು, ಬಟ್ಟೆ ಬೇಡ, ಜನರ ಮುಖ ನೋಡುವ ಅಭ್ಯಾಸವಿಲ್ಲ. ಕಿವುಡ ಮಕ್ಕಳ ಸಂಸ್ಥೆಯೊಂದರಲ್ಲಿ ಅವನ ಹೊಣೆ ಹೊತ್ತವನು ಝಾಂ ಇಟಾರ್ ಎಂಬ ಯುವ ವೈದ್ಯ. ಹುಡುಗನಿಗೆ ವಿಕ್ಟರ್ ಎಂದು ಹೆಸರಿಟ್ಟ ಇಟಾರ್, 1801ರಲ್ಲಿ ತನ್ನ ಮೊದಲ ವರದಿ ಬರೆದ. ಅದರಲ್ಲಿ ಬಂದು ಹೋಗುವ ಒಂದು ಸಣ್ಣ ಸಂಗತಿ ಇದು: ಈ ಹುಡುಗನನ್ನು ವಾಯುವಿಹಾರಕ್ಕೆ ಕರೆದೊಯ್ಯುವುದು ಕಷ್ಟ. ಅವನಿಗೆ ನಮ್ಮ ಹಾಗೆ ಒಂದೇ ಸಮನೆ ಹೆಜ್ಜೆ ಹಾಕಲು ಬರುವುದಿಲ್ಲ. ಕುದುರೆಯಂತೆ ಕುಕ್ಕುಲೋಟಕ್ಕೋ ನಾಗಾಲೋಟಕ್ಕೋ ಬಿದ್ದುಬಿಡುತ್ತಾನೆ.

ಇಟಾರ್ ಅಲ್ಲಿಗೆ ಆ ವಿಷಯ ಬಿಟ್ಟ. ಮುಂದಿನ ವರ್ಷಗಳೆಲ್ಲ ಹುಡುಗನ ನಾಲಿಗೆಯ ಮೇಲೆ, ಕಿವಿಯ ಮೇಲೆ, ಅಕ್ಷರ ಗುರುತಿಸುವ ಕಣ್ಣಿನ ಮೇಲೆ ಕಳೆದವು. ಹಾಲು ಎಂಬ ಅರ್ಥದ ಒಂದು ಪದ, ಮತ್ತೆ ಬೆರಳೆಣಿಕೆಯ ಕೆಲವು ಸದ್ದುಗಳು, ಇಷ್ಟೇ ಮಾತು ಹೊರಬಂದದ್ದು. ವಿಕ್ಟರನಿಗೆ ಇದ್ದದ್ದು ಇಂದು ನಾವು ಆಟಿಸಂ ಎನ್ನುವ ಸ್ಥಿತಿಯೇ ಇರಬಹುದು ಎಂದು ಮನೋವಿಜ್ಞಾನಿ ಊಟಾ ಫ್ರಿತ್ ವಾದಿಸಿದ್ದಾರೆ. ವಿಕ್ಟರನ ಬಗ್ಗೆ ದೊಡ್ಡ ಪುಸ್ತಕ ಬರೆದ ಹಾರ್ಲನ್ ಲೇನ್ ಅದನ್ನು ಒಪ್ಪಲಿಲ್ಲ. ಇನ್ನೂರು ವರ್ಷದ ಹಿಂದಿನ ಹುಡುಗನಿಗೆ ಇಂದಿನ ಹೆಸರು ಅಂಟಿಸುವ ಗೊಡವೆ ನಮಗೂ ಬೇಡ. ಆದರೆ ಇಟಾರ್ ಮಾಡಿದ್ದನ್ನೇ ಅವನ ನಂತರದವರೂ ಮಾಡಿದರು. ನಡಿಗೆ ವಿಚಿತ್ರವಾಗಿದೆ ಎಂದು ಕಣ್ಣಾರೆ ಕಂಡರು, ಒಂದು ಸಾಲು ಬರೆದಿಟ್ಟರು, ಮಾತಿನ ಕಡೆ ಹೊರಳಿಕೊಂಡರು.

ಕನ್ನಡದಲ್ಲಿ ನಾವು ಮನುಷ್ಯನನ್ನು ಅಳೆಯುವುದು 'ನಡೆ-ನುಡಿ' ಎಂಬ ಜೋಡಿಪದದಿಂದ. ನಡೆ ಎಂದರೆ ವರ್ತನೆಯೂ ಹೌದು, ಕಾಲಿನ ನಡಿಗೆಯೂ ಹೌದು. ಆಟಿಸಂನ ಚರಿತ್ರೆಯಲ್ಲಿ ನುಡಿಗೆ ಸಿಕ್ಕ ಗಮನ ನಡೆಗೆ ಸಿಗಲಿಲ್ಲ. ಹಾಗೆ ಯಾಕಾಯಿತು, ಅದರಿಂದ ಮಕ್ಕಳಿಗೆ ಏನಾಯಿತು ಎಂಬುದು ಈ ಪ್ರಬಂಧದ ವಿಷಯ.

ಹೆಜ್ಜೆಯೊಳಗೆ ಏನಿದೆ

ಮೊದಲು ನಡಿಗೆಯನ್ನೇ ನೋಡೋಣ. ನಾವು ಹೆಜ್ಜೆ ಇಡುವಾಗ ಮೊದಲು ನೆಲ ಮುಟ್ಟುವುದು ಹಿಮ್ಮಡಿ. ಆಮೇಲೆ ಅಂಗಾಲು ಪೂರ್ತಿ ಊರುತ್ತದೆ, ಮೈಯ ಭಾರ ಮುಂದಕ್ಕೆ ಉರುಳುತ್ತದೆ, ಕೊನೆಗೆ ಹೆಬ್ಬೆರಳು ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ಇದು ಹುಟ್ಟುತ್ತಲೇ ಬರುವುದಲ್ಲ. ಆಗಷ್ಟೇ ಗೋಡೆ ಹಿಡಿದು ನಿಂತ ಮಗು ಪಾದವನ್ನು ಚಪ್ಪಟೆಯಾಗಿ ಇಡುತ್ತದೆ, ಆಗಾಗ ಬೆರಳ ತುದಿಯ ಮೇಲೆ ಓಡುತ್ತದೆ. ಎರಡು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಹಿಮ್ಮಡಿ ಮೊದಲು ಊರುವ ಕ್ರಮ ನೆಲೆಯಾಗುತ್ತದೆ. ಕೆಲವು ಮಕ್ಕಳಲ್ಲಿ ಆಗುವುದಿಲ್ಲ. ಮೂರಾದರೂ, ಐದಾದರೂ ಅವರ ಹಿಮ್ಮಡಿ ಗಾಳಿಯಲ್ಲೇ ಇರುತ್ತದೆ.

ನಮ್ಮ ಭಾಷೆಯಲ್ಲಿ ತುದಿಗಾಲಲ್ಲಿ ನಿಲ್ಲುವುದು ಎಂದರೆ ಕಾತರ, ಯಾವುದಕ್ಕೋ ಕಾಯುವುದು. ಈ ಮಕ್ಕಳು ಯಾವುದಕ್ಕೂ ಕಾಯುತ್ತಿಲ್ಲ. ಅವರ ನಡಿಗೆಯೇ ಹಾಗೆ.

ಇಂಥ ಮಕ್ಕಳು ಎಷ್ಟು? ಸ್ವೀಡನ್ನಿನ ಬ್ಲೆಕಿಂಗೆ ಪ್ರಾಂತ್ಯದಲ್ಲಿ ಎಂಗ್‌ಸ್ಟ್ರೋಮ್ ಮತ್ತು ಟೆಡ್ರೋಫ್ ಎಂಬ ವೈದ್ಯರು ಐದೂವರೆ ವರ್ಷದ ಆಸುಪಾಸಿನ 1,436 ಮಕ್ಕಳನ್ನು ನೋಡಿ 2012ರಲ್ಲಿ ಲೆಕ್ಕ ಕೊಟ್ಟರು. ಸುಮಾರು ಶೇ. 5ರಷ್ಟು ಮಕ್ಕಳು ಯಾವಾಗಲಾದರೂ ಕಾರಣ ತಿಳಿಯದ ತುದಿಗಾಲ ನಡಿಗೆಯವರಾಗಿದ್ದರು. ಅರ್ಧಕ್ಕಿಂತ ಹೆಚ್ಚಿನವರಲ್ಲಿ ಅದು ಆಗಲೇ ನಿಂತುಹೋಗಿತ್ತು. ಆದರೆ ಬೆಳವಣಿಗೆಯ ತೊಂದರೆ ಅಥವಾ ನರ-ಮನೋಸಂಬಂಧಿ ರೋಗನಿರ್ಣಯ ಇದ್ದ ಮಕ್ಕಳನ್ನಷ್ಟೇ ತೆಗೆದುಕೊಂಡರೆ ಆ ಪ್ರಮಾಣ ಶೇ. 41ಕ್ಕೆ ಏರಿತು. ಅದಕ್ಕೂ ಮೊದಲು, 2007ರಲ್ಲಿ, ಅಮೆರಿಕದ ಶೂಯೆ ಮಿಂಗ್ ಮತ್ತು ಸಂಗಡಿಗರು ಆಟಿಸಂ ಇರುವ 154 ಮಕ್ಕಳ ದಾಖಲೆ ಪರಿಶೀಲಿಸಿದ್ದರು. ಶೇ. 19ರಷ್ಟು ಮಕ್ಕಳಲ್ಲಿ ತುದಿಗಾಲ ನಡಿಗೆ ಇತ್ತು, ಶೇ. 51ರಷ್ಟು ಮಕ್ಕಳಲ್ಲಿ ಸ್ನಾಯುಗಳ ಬಿಗಿ ಕಡಿಮೆ ಇತ್ತು.

ಈ ಅಂಕಿಗಳನ್ನು ಎರಡೂ ಬದಿಯಿಂದ ಓದಬೇಕು. ತುದಿಗಾಲಲ್ಲಿ ನಡೆಯುವ ಹೆಚ್ಚಿನ ಮಕ್ಕಳಿಗೆ ಆಟಿಸಂ ಇಲ್ಲ. ಮಿಂಗ್ ನೋಡಿದ ಆಟಿಸಂ ಇರುವ ಮಕ್ಕಳಲ್ಲೂ ಐವರಲ್ಲಿ ನಾಲ್ವರು ಹಿಮ್ಮಡಿ ಊರಿಯೇ ನಡೆಯುತ್ತಿದ್ದರು. ಆದರೂ ಇವೆರಡೂ ಜೊತೆಗೆ ಬರುವುದು ಆಕಸ್ಮಿಕ ಎನ್ನಲಾಗದಷ್ಟು ಹೆಚ್ಚು.

ಮೂಳೆಯವರ ಕಾಲು, ನರದವರ ಕಾಲು

ಆಟಿಸಂ ಎಂಬ ಹೆಸರು ಹುಟ್ಟುವ ಮೊದಲೇ ತುದಿಗಾಲು ವೈದ್ಯರಿಗೆ ಪರಿಚಿತವಾಗಿತ್ತು. ಲಂಡನ್ನಿನ ವಿಲಿಯಂ ಲಿಟಲ್ ಎಂಬ ವೈದ್ಯನಿಗೆ ಬಾಲ್ಯದ ಕಾಯಿಲೆಯಿಂದ ಒಂದು ಪಾದ ಸೊಟ್ಟಗಾಗಿತ್ತು. ಆತ ಜರ್ಮನಿಯ ಹ್ಯಾನೋವರಿಗೆ ಹೋಗಿ 1836ರಲ್ಲಿ ಸ್ಟ್ರೋಮೇಯರ್ ಎಂಬ ಶಸ್ತ್ರವೈದ್ಯನಿಂದ ಹಿಮ್ಮಡಿಯ ಹಿಂದಿನ ದಪ್ಪ ಹುರಿಯನ್ನು, ಅಂದರೆ ಅಕಿಲಿಸ್ ಟೆಂಡನ್ನನ್ನು, ಕತ್ತರಿಸಿಕೊಂಡು ಗುಣವಾದ. ಆ ವಿದ್ಯೆಯನ್ನು ಕಲಿತು ಇಂಗ್ಲೆಂಡಿಗೆ ತಂದ. ಮುಂದೆ 1862ರಲ್ಲಿ, ಹುಟ್ಟುವಾಗಿನ ತೊಂದರೆಯಿಂದ ಕೈಕಾಲು ಸೆಟೆದುಕೊಳ್ಳುವ ಮಕ್ಕಳ ಬಗ್ಗೆ ಬರೆದ. ಅದನ್ನೇ ನಾವು ಇಂದು ಸೆರೆಬ್ರಲ್ ಪಾಲ್ಸಿ ಎನ್ನುತ್ತೇವೆ. ಕತ್ತರಿ ಹಾಕಿದಂತೆ ತೊಡೆಗಳು ಒಂದಕ್ಕೊಂದು ತಾಗುವ, ಹಿಮ್ಮಡಿ ಮೇಲೆದ್ದ ನಡಿಗೆ ಅದರ ಗುರುತುಗಳಲ್ಲೊಂದು. ಅದೇ ಶತಮಾನದಲ್ಲಿ ಫ್ರಾನ್ಸಿನ ದುಶೆನ್, ಇಂಗ್ಲೆಂಡಿನ ಗೋವರ್ಸ್ ಸ್ನಾಯುಗಳು ಕ್ರಮೇಣ ಸೊರಗುವ ಕಾಯಿಲೆಯನ್ನು ವಿವರಿಸಿದರು. ಆ ಹುಡುಗರೂ ಬೆರಳ ತುದಿಯಲ್ಲಿ ನಡೆಯುತ್ತಾರೆ, ನೆಲದಿಂದ ಏಳುವಾಗ ಕೈಯನ್ನು ತೊಡೆಗೆ ಕೊಟ್ಟು ಮೈಯನ್ನು ಮೇಲಕ್ಕೆ ಹತ್ತಿಸಿಕೊಳ್ಳುತ್ತಾರೆ.

ಪ್ಯಾರಿಸಿನಲ್ಲಿ ಝಿಲ್ ದ ಲಾ ತುರೆತ್ 1886ರಲ್ಲಿ ನಡಿಗೆಯ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದ. ಟುರೆಟ್ ಸಿಂಡ್ರೋಮ್‌ಗೆ ಹೆಸರು ಕೊಟ್ಟ ವೈದ್ಯನೇ ಈತ. ಆತನ ವಿಧಾನ ಸರಳ: ರೋಗಿಯ ಅಂಗಾಲಿಗೆ ಕೆಂಪು ಕಬ್ಬಿಣದ ಪುಡಿ ಬಳಿದು, ನೆಲದಲ್ಲಿ ಹಾಸಿದ ಉದ್ದನೆಯ ಕಾಗದದ ಸುರುಳಿಯ ಮೇಲೆ ನಡೆಸುವುದು. ಉಳಿದ ಹೆಜ್ಜೆಗುರುತುಗಳನ್ನು ಅಳೆಯುವುದು. ಹೆಜ್ಜೆಯ ಉದ್ದ, ಎರಡು ಪಾದಗಳ ನಡುವಿನ ಅಂತರ, ಪಾದ ಯಾವ ಕಡೆ ತಿರುಗಿದೆ ಎಲ್ಲವೂ ಕಾಗದದಲ್ಲಿ. ಲಕ್ಷ್ಮಿಯ ಹೆಜ್ಜೆಯನ್ನು ಹೊಸ್ತಿಲಿಂದ ಒಳಗೆ ಬರೆಯುವ ನಮ್ಮ ಮನೆಗಳವರಿಗೆ ಆ ಕಾಗದ ತಟ್ಟನೆ ಕಣ್ಣಿಗೆ ಕಟ್ಟೀತು.

ಹೀಗೆ 19ನೆಯ ಶತಮಾನದ ಕೊನೆಯ ಹೊತ್ತಿಗೆ ನಡಿಗೆ ಎಂಬುದು ನರ, ಮೂಳೆ, ಸ್ನಾಯುಗಳ ವಿಷಯವಾಗಿ ಗಟ್ಟಿಯಾಗಿತ್ತು. ಮನಸ್ಸಿನ ವೈದ್ಯರ ಕೊಠಡಿ ಬೇರೆಯೇ ಇತ್ತು. ಆಟಿಸಂ ಹುಟ್ಟಿದ್ದು ಆ ಎರಡನೆಯ ಕೊಠಡಿಯಲ್ಲಿ.

ಮೂವರೂ ಕಂಡಿದ್ದರು

ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ 1910ರ ಹೊತ್ತಿಗೆ 'ಆಟಿಸಂ' ಎಂಬ ಪದ ಕಟ್ಟಿದ. ಸ್ಕಿಜೋಫ್ರೇನಿಯಾದ ರೋಗಿಗಳು ಹೊರಜಗತ್ತನ್ನು ಬಿಟ್ಟು ತಮ್ಮೊಳಗೆ ಸರಿದುಕೊಳ್ಳುವುದಕ್ಕೆ ಆತ ಕೊಟ್ಟ ಹೆಸರು ಅದು. ನಾವು ಬಳಸುವ 'ಸ್ವಲೀನತೆ' ಅದರ ನೇರ ಸಂತಾನ. ತನ್ನಲ್ಲೇ ಲೀನವಾದವನು ಎಂದಾಗ ಅಲ್ಲಿ ಮನಸ್ಸು ಕಾಣುತ್ತದೆ, ಕಾಲು ಕಾಣುವುದಿಲ್ಲ.

ಮಾಸ್ಕೋದ ಮನೋವೈದ್ಯೆ ಗ್ರುನ್ಯಾ ಸುಖರೇವಾ 1925ರಲ್ಲಿ ರಷ್ಯನ್ ಭಾಷೆಯಲ್ಲಿ, ಮರುವರ್ಷ ಜರ್ಮನ್ ಭಾಷೆಯಲ್ಲಿ ಆರು ಹುಡುಗರ ಬಗ್ಗೆ ಬರೆದರು. ಇಂದು ಓದಿದವರಿಗೆ ಅದು ಆಟಿಸಂನ ವಿವರಣೆಯೇ. ಅವರ ಲಕ್ಷಣಪಟ್ಟಿಯಲ್ಲಿ ಚಲನೆಗೆ ಪ್ರತ್ಯೇಕ ಜಾಗವಿತ್ತು: ಒಡ್ಡೊಡ್ಡಾದ ಚಲನೆ, ಏಕಾಏಕಿ ಬರುವ ಎಳೆತ, ಬೇಡದ ಅಂಗಚೇಷ್ಟೆ. ಸೂಲಾ ವೂಲ್ಫ್ 1996ರಲ್ಲಿ ಇಂಗ್ಲಿಷಿಗೆ ತರುವವರೆಗೆ ಆ ಬರಹ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ.

ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿದ್ದ ಲಿಯೋ ಕಾನರ್ 1943ರಲ್ಲಿ ಹನ್ನೊಂದು ಮಕ್ಕಳ ಕಥೆ ಪ್ರಕಟಿಸಿದ. ಎಂಟು ಹುಡುಗರು, ಮೂವರು ಹುಡುಗಿಯರು. ಆಟಿಸಂ ಎಂಬ ರೋಗನಿರ್ಣಯ ಲೋಕಕ್ಕೆ ತಿಳಿದದ್ದು ಅದರಿಂದ. ಕೊನೆಯ ಪುಟಗಳಲ್ಲಿ ಕಾನರ್ ಒಂದು ಮಾತು ಸೇರಿಸಿದ್ದ: ದೈಹಿಕವಾಗಿ ಈ ಮಕ್ಕಳು ಹೆಚ್ಚು ಕಡಿಮೆ ಸಹಜವಾಗಿಯೇ ಇದ್ದಾರೆ, ಹಲವರ ನಡಿಗೆ ಮತ್ತು ಓಡಾಟ ತುಸು ಒಡ್ಡು, ಆದರೆ ಬೆರಳುಗಳ ನಾಜೂಕು ಕೆಲಸದಲ್ಲಿ ಎಲ್ಲರೂ ಚುರುಕು.

ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ನಾಲ್ವರು ಹುಡುಗರ ಬಗ್ಗೆ ಬರೆದ. ಅವನ ಬರಹದಲ್ಲಿ ದೇಹ ಇನ್ನೂ ಎದ್ದು ಕಾಣುತ್ತದೆ. ವ್ಯಾಯಾಮದ ತರಗತಿಯಲ್ಲಿ ಗುಂಪಿನ ಲಯಕ್ಕೆ ಮೈ ಬಗ್ಗಿಸಲಾಗದ ಹುಡುಗ, ಚೆಂಡು ಬಂದರೆ ಹಿಡಿಯಲು ತಿಳಿಯದ ಹುಡುಗ. ಆ ವಾರ್ಡಿನಲ್ಲಿ ಸಿಸ್ಟರ್ ವಿಕ್ಟೋರಿನ್ ಎಂಬ ದಾದಿ ಸಂಗೀತ, ತಾಳದೊಂದಿಗೆ ಮಕ್ಕಳಿಗೆ ಲಯಬದ್ಧ ವ್ಯಾಯಾಮ ಮಾಡಿಸುತ್ತಿದ್ದರು. 1944ರ ಬಾಂಬ್ ದಾಳಿಯಲ್ಲಿ ಅವರು ಸತ್ತರು. ಆಸ್ಪರ್ಗರನ ಬಗ್ಗೆ ಹೇಳುವಾಗ ಇನ್ನೊಂದನ್ನೂ ಹೇಳಲೇಬೇಕು. ಆತ ನಾಜಿ ಆಡಳಿತದ ಜೊತೆ ಹೊಂದಿಕೊಂಡು ಮಕ್ಕಳನ್ನು ಆಮ್ ಸ್ಪೀಗೆಲ್‌ಗ್ರುಂಡ್ ಎಂಬ ಸಂಸ್ಥೆಗೆ ಕಳಿಸಿದ್ದನ್ನು ಇತಿಹಾಸಕಾರ ಹೆರ್ವಿಗ್ ಚೆಕ್ 2018ರಲ್ಲಿ ದಾಖಲೆಸಮೇತ ತೋರಿಸಿದರು. ಆ ಸಂಸ್ಥೆಯಲ್ಲಿ ಸುಮಾರು 800 ಮಕ್ಕಳು ಸತ್ತರು. ಮಗುವಿನ ದೇಹವನ್ನು ಸೂಕ್ಷ್ಮವಾಗಿ ಗಮನಿಸುವ ಕಣ್ಣೂ ಆ ದೇಹಕ್ಕೆ ಬೆಲೆ ಕೊಟ್ಟೇ ಕೊಡುತ್ತದೆ ಎಂದೇನಿಲ್ಲ.

ಅಂತೂ ಮಾಸ್ಕೋ, ಬಾಲ್ಟಿಮೋರ್, ವಿಯೆನ್ನಾ, ಮೂರೂ ಕಡೆ ಮಕ್ಕಳ ನಡಿಗೆ ಕಣ್ಣಿಗೆ ಬಿದ್ದಿತ್ತು.

ಸೊಗಸಾದ ಮೈಯ ಮಕ್ಕಳು

ಹಾಗಿದ್ದರೆ ಅದು ಮರೆಯಾದದ್ದು ಹೇಗೆ?

ಮೊದಲ ಕಾರಣ ಕಾನರನ ವಾಕ್ಯದ ಅರ್ಧಭಾಗ. ದೇಹ ಸರಿಯಾಗಿದೆ ಎಂಬ ಮಾತು ಉಳಿಯಿತು, ನಡಿಗೆ ಒಡ್ಡು ಎಂಬ ಮಾತು ಜಾರಿಹೋಯಿತು. ದೇಹ ಸರಿಯಿದ್ದರೆ ತೊಂದರೆ ಮನಸ್ಸಿನದು. ಮನಸ್ಸು ಕೆಟ್ಟಿದ್ದರೆ ಕೆಡಿಸಿದವರು ಯಾರು? ಆ ಕಾಲದ ಅಮೆರಿಕದ ಮನೋವಿಶ್ಲೇಷಕರು ಅಮ್ಮನ ಕಡೆ ಬೆರಳು ತೋರಿಸಿದರು. ತಾಯಿಯ ಮನಸ್ಸು ಫ್ರಿಜ್ಜಿನಂತೆ ತಣ್ಣಗಿದೆ, ಅದಕ್ಕೇ ಮಗು ಹೀಗೆ ಎಂಬ ವಾದ 1950-60ರ ದಶಕಗಳಲ್ಲಿ ಬಲವಾಗಿತ್ತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಪುಸ್ತಕ ಅದನ್ನು ಮನೆಮನೆಗೆ ಮುಟ್ಟಿಸಿತು. ಅಮ್ಮನ ಪ್ರೀತಿ ಕಡಿಮೆಯಾದದ್ದರಿಂದ ಮಗುವಿನ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ ಎಂದರೆ ಯಾರೂ ನಂಬಲಾರರು. ಆದ್ದರಿಂದ ಆ ವಾದದೊಳಗೆ ಹಿಮ್ಮಡಿಗೆ ಜಾಗವೇ ಇರಲಿಲ್ಲ.

ಎರಡನೆಯ ಕಾರಣ ಇನ್ನೂ ವಿಚಿತ್ರ. ತಾಯಿಯನ್ನು ದೂರುವ ವಾದವನ್ನು ಮುರಿದವರಲ್ಲಿ ಮುಖ್ಯನಾದವನು ಬರ್ನಾರ್ಡ್ ರಿಮ್‌ಲ್ಯಾಂಡ್. ಅಮೆರಿಕದ ನೌಕಾಪಡೆಯಲ್ಲಿದ್ದ ಮನೋವಿಜ್ಞಾನಿ, ಆಟಿಸಂ ಇರುವ ಮಗನ ತಂದೆ. 1964ರ ತನ್ನ ಪುಸ್ತಕದಲ್ಲಿ ಆಟಿಸಂ ಮಿದುಳಿಗೆ ಸಂಬಂಧಿಸಿದ್ದು ಎಂದು ವಾದಿಸಿದ. ಆದರೆ ಆಟಿಸಂ ಬೇರೆ, 'ಬಾಲ್ಯದ ಸ್ಕಿಜೋಫ್ರೇನಿಯಾ' ಬೇರೆ ಎಂದು ತೋರಿಸಲು ಆತ ಹಾಕಿದ ಗೆರೆಗಳಲ್ಲಿ ಒಂದು ದೇಹಚಲನೆಯದು: ಸ್ಕಿಜೋಫ್ರೇನಿಯಾದ ಮಗು ಒಡ್ಡು, ಆಟಿಸಂನ ಮಗು ಚುರುಕು, ಸೊಗಸು. ಹೀಗೆ ಮಕ್ಕಳಿಗೂ ತಾಯಂದಿರಿಗೂ ನ್ಯಾಯ ಕೊಡಿಸಿದ ಪುಸ್ತಕವೇ ನಡಿಗೆಯನ್ನು ಗಡಿಯಾಚೆ ಇಟ್ಟಿತು.

ಅತ್ತ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಲೊರೆಟಾ ಬೆಂಡರ್ ಗರಗರನೆ ಸುತ್ತುವ, ಮೈಯನ್ನು ವಿಚಿತ್ರವಾಗಿ ಹಿಡಿಯುವ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ್ದರು. ಆಕೆ ಅವರಿಗೆ ಕೊಟ್ಟ ಹೆಸರು ಬಾಲ್ಯದ ಸ್ಕಿಜೋಫ್ರೇನಿಯಾ. 1958ರಲ್ಲಿ ಕೋಲ್ಬರ್ಟ್ ಮತ್ತು ಕೇಗ್ಲರ್ ಎಂಬ ವೈದ್ಯರು ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತುದಿಗಾಲ ನಡಿಗೆಯ ಬಗ್ಗೆಯೇ ಎರಡು ಪುಟದ ಬರಹ ಕೊಟ್ಟರು. ಅದರ ತಲೆಬರಹದಲ್ಲೂ ಇದ್ದದ್ದು ಸ್ಕಿಜೋಫ್ರೇನಿಯಾ. ಇಂದು ಅಂಥ ಮಕ್ಕಳಲ್ಲಿ ಬಹುಪಾಲು ಜನರನ್ನು ಆಟಿಸಂ ಇರುವವರೆಂದೇ ಗುರುತಿಸುತ್ತಿದ್ದರು.

ಮೂಳೆ ವೈದ್ಯರ ಕಡೆ ಬೇರೆ ಕಡತ ತೆರೆದಿತ್ತು. 1967ರಲ್ಲಿ ಹಾಲ್, ಸಾಲ್ಟರ್, ಭಲ್ಲಾ ಎಂಬ ಮೂವರು, ಬೇರೆ ಯಾವ ಕಾಯಿಲೆಯೂ ಇಲ್ಲದೆ ತುದಿಗಾಲಲ್ಲಿ ನಡೆಯುವ ಮಕ್ಕಳನ್ನು ವಿವರಿಸಿ, ಹಿಮ್ಮಡಿಯ ಹುರಿ ಹುಟ್ಟಿನಿಂದಲೇ ಗಿಡ್ಡ ಎಂದರು. ಹೀಗೆ ಒಂದೇ ನಡಿಗೆ ಮೂರು ಕಪಾಟಿನಲ್ಲಿ ಹಂಚಿಹೋಯಿತು. ಮೂಳೆಯವರು ಮಗುವಿನ ಮಾತು ಕೇಳಲಿಲ್ಲ, ಮನಸ್ಸಿನವರು ಪಾದ ನೋಡಲಿಲ್ಲ, ಎರಡನ್ನೂ ದಿನವೂ ನೋಡುತ್ತಿದ್ದ ಅಮ್ಮನನ್ನು ಇಬ್ಬರೂ ಸರಿಯಾಗಿ ಕೇಳಲಿಲ್ಲ.

ನಡಿಗೆ ಮರಳಿದ್ದು

ಬಾಗಿಲು ಮತ್ತೆ ತೆರೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಲಾಸ್ ಏಂಜಲೀಸಿನ ಎಡ್ವರ್ಡ್ ಓರ್ನಿಟ್ಜ್ ಮತ್ತು ಎಡ್ವರ್ಡ್ ರಿಟ್ವೊ 1968ರಲ್ಲಿ ಹೊಸ ದಾರಿ ಹಿಡಿದರು. ಒಳಕಿವಿಯಲ್ಲಿ ಸಮತೋಲ ಕಾಯುವ ಒಂದು ವ್ಯವಸ್ಥೆ ಇದೆ. ಅಲ್ಲಿಂದ ಬರುವ ಸುದ್ದಿಯನ್ನು, ಚರ್ಮ-ಕೀಲುಗಳಿಂದ ಬರುವ ಸುದ್ದಿಯನ್ನು ಈ ಮಕ್ಕಳ ಮಿದುಳು ಒಂದೇ ಸಮನಾಗಿ ಹಿಡಿಯುತ್ತಿಲ್ಲ, ಒಮ್ಮೆ ಅತಿ ಜೋರು, ಒಮ್ಮೆ ಏನೂ ಇಲ್ಲ. ಸುತ್ತುವುದು, ತೂಗುವುದು, ತುದಿಗಾಲಲ್ಲಿ ನಡೆಯುವುದು ಎಲ್ಲಕ್ಕೂ ಬೇರು ಅಲ್ಲಿರಬಹುದು ಎಂದು ಅವರು ಊಹಿಸಿದರು. ಅದೇ ಊರಿನಲ್ಲಿ ಜೀನ್ ಆಯರ್ಸ್ ಎಂಬ ಆಕ್ಯುಪೇಶನಲ್ ಥೆರಪಿಸ್ಟ್ 1972ರ ತಮ್ಮ ಪುಸ್ತಕದಲ್ಲಿ ಇಂದ್ರಿಯಗಳ ಸಮನ್ವಯದ ಸಿದ್ಧಾಂತ ಕಟ್ಟಿದರು. ಇಂದು ಮುಂಬಯಿ, ಚೆನ್ನೈ, ಪುಣೆಯ ಥೆರಪಿ ಕೇಂದ್ರಗಳಲ್ಲಿ ಕಾಣುವ ತೂಗುಯ್ಯಾಲೆ, ದೊಡ್ಡ ಚೆಂಡು, ಭಾರದ ಹೊದಿಕೆಗಳ ವಂಶಾವಳಿ ಅಲ್ಲಿಗೆ ಹೋಗುತ್ತದೆ.

ನರವಿಜ್ಞಾನಿಗಳೂ ಬಂದರು. ಆಂಟೋನಿಯೋ ಡಮಾಸಿಯೋ ಮತ್ತು ರಾಲ್ಫ್ ಮೌರರ್ 1978ರಲ್ಲಿ ಆಟಿಸಂಗೆ ನರವೈಜ್ಞಾನಿಕ ಮಾದರಿಯೊಂದನ್ನು ಮುಂದಿಟ್ಟರು. 1981ರಲ್ಲಿ ಜೋಯೆಲ್ ವಿಲೆನ್ಸ್ಕಿಯ ಜೊತೆ ಸೇರಿ, ಆಟಿಸಂ ಲಕ್ಷಣಗಳಿದ್ದ 21 ಮಂದಿಯ ನಡಿಗೆಯನ್ನು ಇತರ ಮಕ್ಕಳ ನಡಿಗೆಯ ಪಕ್ಕ ಇಟ್ಟು ಅಳೆದರು. ಹೆಜ್ಜೆ ಚಿಕ್ಕದು, ಪಾದ ನೆಲದಲ್ಲಿ ಇರುವ ಹೊತ್ತು ಹೆಚ್ಚು, ನೆಲ ಮುಟ್ಟುವಾಗ ಮೊಣಕಾಲು ಪೂರ್ತಿ ನೀಳವಾಗುವುದಿಲ್ಲ. ಇದು ಪಾರ್ಕಿನ್ಸನ್ ಕಾಯಿಲೆಯ ಮುದುಕರ ನಡಿಗೆಯನ್ನು ನೆನಪಿಸುತ್ತದೆ ಎಂದು ಅವರು ಬರೆದಾಗ, ಚಲನೆಗೆ ಚಾಲನೆ ಕೊಡುವ ಬೇಸಲ್ ಗ್ಯಾಂಗ್ಲಿಯಾ ಎಂಬ ಮಿದುಳಿನ ಭಾಗ ಚರ್ಚೆಗೆ ಬಂತು. 1985ರಲ್ಲಿ ಮಾರ್ಗರೆಟ್ ಬೌಮನ್ ಮತ್ತು ಥಾಮಸ್ ಕೆಂಪರ್, ತೀರಿಹೋದ ಆಟಿಸ್ಟಿಕ್ ವ್ಯಕ್ತಿಯ ಮಿದುಳನ್ನು ಪರೀಕ್ಷಿಸಿ, ಕಿರುಮೆದುಳಿನ ಪರ್ಕಿಂಜೆ ಕೋಶಗಳು ಕಡಿಮೆ ಇದ್ದದ್ದನ್ನು ವರದಿ ಮಾಡಿದರು. ಕಿರುಮೆದುಳು ನಡಿಗೆಯ ಲಯ ಕಾಯುವ ಭಾಗ. 2006ರಲ್ಲಿ ಮೆಲ್ಬೋರ್ನಿನ ನಿಕೋಲ್ ರೈನ್‌ಹಾರ್ಟ್ ಮತ್ತು ಸಂಗಡಿಗರು ಆಗಷ್ಟೇ ರೋಗನಿರ್ಣಯವಾದ ಪುಟ್ಟ ಮಕ್ಕಳ ಹೆಜ್ಜೆ ಅಳೆದಾಗ, ಹೆಜ್ಜೆಯಿಂದ ಹೆಜ್ಜೆಗೆ ಉದ್ದ ಬದಲಾಗುವುದು, ನೇರ ಗೆರೆಯ ಮೇಲೆ ನಡೆಯಲು ಕಷ್ಟವಾಗುವುದು ಕಂಡಿತು. ಕೆಂಪು ಪುಡಿಯ ಕಾಗದದ ಕೆಲಸವನ್ನು ಈಗ ಕಂಪ್ಯೂಟರ್ ಮಾಡುತ್ತಿತ್ತು.

ಈ ನಡುವೆ ನಡೆ-ನುಡಿಗಳನ್ನು ಒಂದೇ ಪುಟದಲ್ಲಿ ತಂದವರು ಅಕಾರ್ಡೋ ಮತ್ತು ವಿಟ್ಮನ್. ಬೆಳವಣಿಗೆಯ ತೊಂದರೆ ಇರುವ ಮಕ್ಕಳಲ್ಲಿ ತುದಿಗಾಲ ನಡಿಗೆ, ಮಾತಿನ ತೊಂದರೆಯ ಸುಳಿವಾಗಿರಬಹುದು ಎಂದು 1989ರಲ್ಲಿ ಅವರು ಬರೆದರು. ಮಾತು ತಡವಾಗಿದೆಯೇ ಎಂದು ಕೇಳುವ ವೈದ್ಯರು ಕಾಲನ್ನೂ ನೋಡಬೇಕು, ಕಾಲು ನೋಡುವ ವೈದ್ಯರು ಮಾತನ್ನೂ ಕೇಳಬೇಕು ಎಂದಾಯಿತು.

ಎಲ್ಲ ಹುಡುಕಾಟವೂ ಫಲ ಕೊಡಲಿಲ್ಲ. ಫ್ಲಾರಿಡಾದ ಫಿಲಿಪ್ ಟೈಟಲ್‌ಬಾಮ್ 1998ರಲ್ಲಿ, ಮುಂದೆ ಆಟಿಸಂ ಎಂದು ತಿಳಿದುಬಂದ 17 ಮಕ್ಕಳ ಎಳವೆಯ ಮನೆ ವಿಡಿಯೋಗಳನ್ನು ತರಿಸಿಕೊಂಡು, ನೃತ್ಯ ಬರೆದಿಡಲು ಇಸ್ರೇಲಿನಲ್ಲಿ ಕಟ್ಟಿದ್ದ ಎಷ್ಕೋಲ್-ವಾಖ್ಮನ್ ಲಿಪಿಯಲ್ಲಿ ಅವರ ಮಗ್ಗುಲಾಗುವಿಕೆ, ಅಂಬೆಗಾಲು, ಮೊದಲ ಹೆಜ್ಜೆಗಳನ್ನು ಬರೆದ. ಮೊದಲ ತಿಂಗಳುಗಳಲ್ಲೇ ವ್ಯತ್ಯಾಸ ಕಾಣುತ್ತದೆ ಎಂದ. ಹತ್ತು ವರ್ಷದ ಬಳಿಕ ಸ್ಯಾಲಿ ಒಜೊನಾಫ್ ತಂಡ ಅದೇ ರೀತಿ ನೋಡಿದಾಗ ಆಟಿಸಂಗೆ ಮಾತ್ರ ಸೀಮಿತವಾದ ಗುರುತು ಸಿಗಲಿಲ್ಲ. ತುದಿಗಾಲ ನಡಿಗೆಗೆ ಎಲ್ಲರೂ ಒಪ್ಪುವ ಒಂದೇ ಕಾರಣ ಇಂದಿಗೂ ಇಲ್ಲ. ಸಂವೇದನೆ, ಸಮತೋಲ, ಕಿರುಮೆದುಳು ಎಲ್ಲವೂ ಪಟ್ಟಿಯಲ್ಲಿವೆ.

ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 1980ರಲ್ಲಿ ಆಟಿಸಂಗೆ ಮೊದಲ ಬಾರಿ ಪ್ರತ್ಯೇಕ ಜಾಗ ಕೊಟ್ಟಿತು. 2013ರ ಆವೃತ್ತಿಯಲ್ಲಿ ವಿಚಿತ್ರ ನಡಿಗೆ, ತುದಿಗಾಲು, ಒಡ್ಡುತನ ಎಲ್ಲದರ ಉಲ್ಲೇಖವಿದೆ, ಆದರೆ ಜೊತೆಗೆ ಕಾಣಬಹುದಾದ ಲಕ್ಷಣಗಳ ಸಾಲಿನಲ್ಲಿ. ರೋಗನಿರ್ಣಯದ ಎಣಿಕೆಗೆ ಅವು ಬರುವುದಿಲ್ಲ. 2020ರಲ್ಲಿ ಡೆಲವೇರ್ ವಿಶ್ವವಿದ್ಯಾಲಯದ ಅಂಜನಾ ಭಟ್, ಸಾವಿರಾರು ಅಮೆರಿಕನ್ ತಂದೆತಾಯಿಯರು ತುಂಬಿದ ಪ್ರಶ್ನಾವಳಿಗಳನ್ನು ಲೆಕ್ಕ ಹಾಕಿ, ಆಟಿಸಂ ಇರುವ ಸುಮಾರು ಶೇ. 87ರಷ್ಟು ಮಕ್ಕಳಿಗೆ ಚಲನೆಯ ತೊಂದರೆ ಇರುವ ಸಂಭವವಿದೆ ಎಂದು ತೋರಿಸಿದರು. ಕಾನರನ ಒಂದು ವಾಕ್ಯ ಇಷ್ಟು ದೊಡ್ಡದಾಗಲು 77 ವರ್ಷ ಹಿಡಿಯಿತು.

ಕಾಲು ಕೆಳಗಿಡು ಎನ್ನುವ ಮೊದಲು

ನಡಿಗೆ ಕಣ್ಣಿಗೆ ಬಿದ್ದಲ್ಲೆಲ್ಲ ಅದು ತಿದ್ದಬೇಕಾದ ತಪ್ಪೂ ಆಯಿತು. 1960ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲೇ ಐವಾರ್ ಲೋವಾಸ್ ಮಕ್ಕಳ ವರ್ತನೆ ತಿದ್ದಲು ಕಪಾಳಕ್ಕೆ ಹೊಡೆಯುವುದು, ವಿದ್ಯುತ್ ಆಘಾತ ಕೊಡುವುದನ್ನೂ ಬಳಸಿದ್ದ. 1965ರಲ್ಲಿ ಲೈಫ್ ಪತ್ರಿಕೆ ಅದನ್ನು ಚಿತ್ರಸಮೇತ ಅಚ್ಚು ಹಾಕಿತು. ಕೈ ಬಡಿಯುವುದು, ತೂಗುವುದು ಮೊದಲಾದವನ್ನು 'ಸ್ವಪ್ರಚೋದನೆ' ಎಂದು ಕರೆದು ನಿಲ್ಲಿಸುವುದು ಆ ಚಿಕಿತ್ಸೆಯ ಗುರಿಗಳಲ್ಲಿತ್ತು. ತುದಿಗಾಲನ್ನೂ ಹಲವರು ಅದೇ ಪಟ್ಟಿಗೆ ಸೇರಿಸಿದರು.

ಒಳಗಿನಿಂದ ಅದು ಹೇಗಿರುತ್ತದೆ ಎಂದು ಹೇಳುವ ದನಿ ತಡವಾಗಿ ಬಂತು. ಅವುಗಳಲ್ಲೊಂದು ನಮ್ಮ ನಾಡಿನಿಂದ. ಮೈಸೂರು, ಬೆಂಗಳೂರುಗಳಲ್ಲಿ ಬೆಳೆದ ತಿತೋ ಮುಖೋಪಾಧ್ಯಾಯ ಎಂಬ ಹುಡುಗ ಬಾಯಿಂದ ಹೆಚ್ಚು ಮಾತಾಡಲಾರ, ಆದರೆ ಬರೆಯಬಲ್ಲ. 2000ದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಮೊದಲ ಪುಸ್ತಕದಿಂದಲೂ ಅವನ ಬರಹದಲ್ಲಿ ಬರುವ ಸಂಗತಿ ಇದು: ತನ್ನ ದೇಹ ತನಗೆ ಒಟ್ಟಾಗಿ ಸಿಗುವುದಿಲ್ಲ, ಚೂರುಚೂರಾಗಿ ಇದೆ ಅನ್ನಿಸುತ್ತದೆ, ಗಿರಗಿರ ತಿರುಗಿದಾಗ, ಕೈ ಬಡಿದಾಗ ಅದು ಒಂದಾದಂತಾಗುತ್ತದೆ. ಅವನ ತಾಯಿ ಕಟ್ಟಿದ ಕಲಿಕೆಯ ವಿಧಾನದ ಬಗ್ಗೆ ತಜ್ಞರಲ್ಲಿ ತೀವ್ರ ಭಿನ್ನಮತವಿದೆ. ಆದರೆ ದೇಹ ಎಲ್ಲಿದೆ ಎಂದು ಹುಡುಕುವ ಮಗುವಿಗೆ ಚಲನೆಯೇ ಉತ್ತರವಾಗಿರಬಹುದು ಎಂಬುದು ಓರ್ನಿಟ್ಜ್, ಆಯರ್ಸ್ ಹೊರಗಿನಿಂದ ಊಹಿಸಿದ್ದಕ್ಕೆ ದೂರವಿಲ್ಲ.

ಹಾಗೆಂದು ಬಿಟ್ಟುಬಿಡಬಹುದೇ? ಅದೂ ಸಲ್ಲದು. ವರ್ಷಗಟ್ಟಲೆ ಹಿಮ್ಮಡಿ ಊರದಿದ್ದರೆ ಮೀನಖಂಡ ಮತ್ತು ಹಿಮ್ಮಡಿಯ ಹುರಿ ಕುಗ್ಗಬಹುದು. ಆಮೇಲೆ ಊರಬೇಕೆಂದರೂ ಊರಲಾಗದು. ಆಗ ಹಿಗ್ಗಿಸುವ ವ್ಯಾಯಾಮ, ಹಂತಹಂತವಾಗಿ ಬದಲಿಸುವ ಪ್ಲಾಸ್ಟರ್, ಕೊನೆಗೆ ಲಿಟಲ್‌ನ ಕಾಲದಿಂದ ಬಂದ ಶಸ್ತ್ರಚಿಕಿತ್ಸೆ. ಪ್ಲಾಸ್ಟರಿಗೆ ಮೊದಲು ಬೊಟುಲಿನಂ ಚುಚ್ಚುಮದ್ದು ಕೊಟ್ಟರೆ, ಬೇರೆ ಕಾರಣ ಕಾಣದ ಮಕ್ಕಳಲ್ಲಿ ಹೆಚ್ಚಿನ ಲಾಭವಿಲ್ಲ ಎಂದು ಎಂಗ್‌ಸ್ಟ್ರೋಮ್ ತಂಡ 2013ರಲ್ಲಿ ತೋರಿಸಿತು. ಅದೇ ಸ್ವೀಡನ್ನಿನ ಮಕ್ಕಳನ್ನು ಹತ್ತನೆಯ ವಯಸ್ಸಿನವರೆಗೆ ಹಿಂಬಾಲಿಸಿದಾಗ, ಕಾರಣ ತಿಳಿಯದೆ ತುದಿಗಾಲಲ್ಲಿ ನಡೆಯುತ್ತಿದ್ದವರಲ್ಲಿ ಶೇ. 79 ಮಂದಿ ತಾವಾಗಿಯೇ ನಿಲ್ಲಿಸಿದ್ದರು. ಆಟಿಸಂ ಇರುವ ಮಕ್ಕಳಿಗೆ ಈ ಅಂಕಿಯನ್ನು ಹಾಗೇ ಅನ್ವಯಿಸುವಂತಿಲ್ಲ.

ಹೊಡೆತವಿಲ್ಲದ ಉಪಾಯಗಳೂ ಇವೆ. ನಮ್ಮ ಜಾತ್ರೆ, ಸಂತೆಗಳಲ್ಲಿ ಸಿಗುವ ಪೀಂ ಪೀಂ ಎನ್ನುವ ಮಕ್ಕಳ ಚಪ್ಪಲಿ ನೆನಪಿದೆಯಲ್ಲ? ಅದು ಸದ್ದು ಮಾಡುವುದು ಹಿಮ್ಮಡಿ ಒತ್ತಿದಾಗ. 2010ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಆಟಿಸಂ ಇರುವ ಮೂವರು ಮಕ್ಕಳ ಬೂಟಿಗೆ ಇಂಥದ್ದೇ ಸದ್ದಿನ ಬಿಲ್ಲೆ ಹಾಕಿ, ಜೊತೆಗೆ ಅಭ್ಯಾಸ ಬದಲಿಸುವ ತರಬೇತಿ ಕೊಟ್ಟು ನೋಡಿದರು. ತುದಿಗಾಲು ಕಡಿಮೆಯಾಯಿತು.

ನಮ್ಮ ದೇಶದ ಕಾನೂನಿಗೆ ಆಟಿಸಂ ಬಂದದ್ದೂ ನಿಧಾನವಾಗಿ. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಅದು ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಹೆಸರಿಸಿತು, 2016ರ ಕಾಯ್ದೆ ತನ್ನ 21 ವಿಧಗಳಲ್ಲಿ ಸೇರಿಸಿತು. ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಮಾಪಕ ಸಿದ್ಧವಾದದ್ದು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ. ಆರು ಭಾಗ, 40 ಅಂಶ. ಮತ್ತೆ ಮತ್ತೆ ಮಾಡುವ ಅಂಗಚೇಷ್ಟೆಗೆ ಅದರಲ್ಲಿ ಜಾಗವಿದೆ, ನಡಿಗೆಗೆಂದೇ ಒಂದು ಅಂಶವಿಲ್ಲ. ಆದ್ದರಿಂದ ಆ ಮಾತನ್ನು ಎತ್ತಬೇಕಾದವರು ಮನೆಯವರೇ.

ಎತ್ತುವಾಗ ಹೀಗೆ ಹೇಳಿದರೆ ವೈದ್ಯರಿಗೆ ಉಪಯೋಗ: ನಡೆಯಲು ಕಲಿತಾಗಿನಿಂದ ಹೀಗೆಯೇ, ಇಲ್ಲವೇ ಸರಿಯಾಗಿ ನಡೆಯುತ್ತಿದ್ದ ಮಗು ಈಚೆಗೆ ಹೀಗಾಯಿತೇ? ಒಂದು ಕಾಲೋ, ಎರಡೂ ಕಾಲೋ? ಹೇಳಿದರೆ ಹಿಮ್ಮಡಿ ಊರಬಲ್ಲದೇ, ಕುಕ್ಕರಗಾಲಲ್ಲಿ ಕೂರಬಲ್ಲದೇ? ನೆಲದಿಂದ ಏಳಲು ಕಷ್ಟಪಡುತ್ತದೆಯೇ? ಮರಳು, ಹುಲ್ಲು, ತಣ್ಣನೆಯ ನೆಲದ ಮೇಲೆ ನಡಿಗೆ ಬದಲಾಗುತ್ತದೆಯೇ? ಮಾತು ಎಷ್ಟು ಬಂದಿದೆ? ಒಂದೇ ಕಾಲು, ಈಚೆಗೆ ಶುರುವಾದದ್ದು, ಏಳಲು ಕಷ್ಟ ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ತೋರಿಸಬೇಕು. ಅಲ್ಲಿ ನರ ಅಥವಾ ಸ್ನಾಯುವಿನ ಕಾಯಿಲೆ ಇಲ್ಲವೆಂದು ಮೊದಲು ಖಾತ್ರಿಯಾಗಬೇಕು. ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೋ, ಬರಿಗಾಲಲ್ಲಿ, ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ ತೆಗೆದಿಟ್ಟುಕೊಂಡರೆ ಆಸ್ಪತ್ರೆಯ ಕೋಣೆಯಲ್ಲಿ ಹೆದರಿ ಕೂತ ಮಗುವನ್ನು ಬಲವಂತವಾಗಿ ನಡೆಸುವುದು ತಪ್ಪುತ್ತದೆ.

ಮತ್ತು 'ಕಾಲು ಕೆಳಗಿಡು, ಕಾಲು ಕೆಳಗಿಡು' ಎಂದು ದಿನಕ್ಕೆ ನೂರು ಸಲ ಹೇಳುವುದನ್ನು ನಿಲ್ಲಿಸಬಹುದು. ನಿಂತ ನೆಲ ಆ ಮಗುವಿಗೆ ನಮಗೆ ಸಿಕ್ಕಷ್ಟು ಸುಲಭವಾಗಿ ಸಿಗದೆ ಇರಬಹುದು.